ಅಜ್ಜನ ತಂತಿ ಇಂಗ್ಲಿಷು

ನಮ್ಮಜ್ಜನ ಟ್ರಂಕಿನಲ್ಲಿ ಅಂಗೈ ಅಗಲದ ಒಂದು ವಹಿ ಇತ್ತು. 1996ರಲ್ಲಿ ಅವರು ತೀರಿಕೊಂಡ ಮೇಲೆ ಹಳೆಯ ಪಂಚಾಂಗಗಳ ನಡುವೆ ಸಿಕ್ಕಿತು. ಪ್ರತಿ ಹಾಳೆಯಲ್ಲಿ ಮೂರು ಸಾಲು ಗೆರೆ. ಎಡಗಡೆ ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿ ಎಳೆ ಎಳೆದಂತೆ ಇಳಿಸಿದ್ದರು. ನಡುವೆ ಅದರ ಉಚ್ಚಾರ ಕನ್ನಡದಲ್ಲಿ. ಬಲಗಡೆ ಅರ್ಥ. ‘ಸೀರಿಯಸ್: ಜಡ್ಡು ಭಾಳ ಆಗೇದ.’ ‘ಸ್ಟಾರ್ಟ್ ಇಮ್ಮಿಡಿಯೇಟ್ಲಿ: ಕೂಡ್ಲೆ ಹೊಂಡ್ರಿ.’ ‘ಮನಿ ಸೆಂಟ್: ರೊಕ್ಕ ಕಳಿಸೇವಿ.’ ‘ಎಕ್ಸ್‌ಪೈರ್ಡ್: ತೀರಿಕೊಂಡಾರ.’ ಎಣಿಸಿದೆ, ನಲವತ್ತೆರಡು ಪದ. ಅಜ್ಜನ ಇಂಗ್ಲಿಷ್ ಅಷ್ಟೇ.

ಅಜ್ಜ 1912ರಲ್ಲಿ ಹುಟ್ಟಿದವರು. ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ತರಬೇತಿ ಮುಗಿಸಿ, ನವಲಗುಂದದ ಕಡೆಯ ಒಂದು ಎರೆಹೊಲದ ಊರಿಗೆ ಕನ್ನಡ ಸಾಲಿ ಮಾಸ್ತರರಾಗಿ ಹೋದವರು. ಆಗ ಎಷ್ಟೋ ಹಳ್ಳಿಗಳಲ್ಲಿದ್ದಂತೆ ಆ ಊರಲ್ಲೂ ಟಪಾಲು ಕೆಲಸ ಮಾಸ್ತರರ ಕೊರಳಿಗೇ ಬಿದ್ದಿತ್ತು. ತಂತಿ ಬಂದರೆ ಊರೇ ಕಟ್ಟೆಗೆ ಬಂದು ಕೂಡುತ್ತಿತ್ತಂತೆ. ಅಜ್ಜ ವಹಿ ತೆಗೆದು, ತಂತಿಯ ಅಕ್ಷರಕ್ಕೂ ವಹಿಯ ಅಕ್ಷರಕ್ಕೂ ತಾಳೆ ನೋಡಿ ಬಾಯಿ ತೆರೆಯುವುದರೊಳಗೆ ಹೆಣ್ಣುಮಕ್ಕಳ ಅಳು ಸುರುವಾಗಿರುತ್ತಿತ್ತು. ‘ತಪ್ಪು ಓದಿದ್ರ ಜೀವಂತ ಇದ್ದವನ್ನ ಕೊಂದಂಗಲ್ಲೇನು ತಂಗಿ’ ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ಇಂಗ್ಲಿಷಿನ ಒಂದು ಅಕ್ಷರ ತಪ್ಪಿದರೆ ಏನಾದೀತೆಂಬ ಅಂಜಿಕೆ ಅವರಿಗೆ ಸಾಯುವವರೆಗೂ ಇತ್ತು.

ನಾನೀಗ ಅದೇ ಸೀಮೆಯಲ್ಲಿ ಸಿ.ಆರ್.ಪಿ., ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಹದಿನಾರು ಶಾಲೆಗಳ ಕ್ಲಸ್ಟರು. ಹೊಸದಾಗಿ ನೇಮಕವಾಗಿ ಬಂದ ಹುಡುಗ ಹುಡುಗಿಯರ ಪಾಠ ನೋಡುವುದು, ಪಾಠದ ಟಾಚಣ ತಿದ್ದುವುದು, ತಿಂಗಳಿಗೊಮ್ಮೆ ಸಮಾಲೋಚನಾ ಸಭೆ ನಡೆಸುವುದು ನನ್ನ ಕೆಲಸ. ‘ಒಂದನೇತ್ತಾ ಹುಡುಗರಿಗೆ ಇಂಗ್ಲಿಷ್ ಹೆಂಗ ಸುರು ಮಾಡೂದ್ರಿ ಮೇಡಂ?’ ಎಂದು ಅವರು ಕೇಳುವಾಗ ದನಿಯಲ್ಲಿ ನನಗೆ ಅಜ್ಜನ ಅಂಜಿಕೆಯೇ ಕೇಳಿಸುತ್ತದೆ. ಆ ಅಂಜಿಕೆ ಅಜ್ಜ ಹುಟ್ಟುವ ಮೊದಲೇ ನಮ್ಮ ಸಾಲಿಗಳಲ್ಲಿತ್ತು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲೇ ಇಂಗ್ಲಿಷ್ ಕಲಿಸುವ ರಾಜಾ ಫ್ರೀ ಸ್ಕೂಲ್ ತೆರೆದಿದ್ದರು. ಎರಡು ವರ್ಷದ ಮೇಲೆ ಕಲ್ಕತ್ತೆಯಲ್ಲಿ ಇಂಗ್ಲಿಷ್ ಶಿಕ್ಷಣದ ಪರವಾದ ಮೆಕಾಲೆಯ ಟಿಪ್ಪಣಿ ಬಂತು. ಆದರೆ ನಾವಿದ್ದದ್ದು ಮುಂಬಯಿ ಇಲಾಖೆಯಲ್ಲಿ. ಇಲ್ಲಿ ಗವರ್ನರ್ ಎಲ್ಫಿನ್‌ಸ್ಟನ್ ಕಾಲದಿಂದಲೂ ಸಾಮಾನ್ಯರ ಮಕ್ಕಳಿಗೆ ದೇಶಭಾಷೆಯ ಸಾಲಿ ಎಂಬ ವಿಚಾರ ಗಟ್ಟಿಯಾಗಿತ್ತು. 1854ರ ವುಡ್ ಅವರ ಖಲೀತೆ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ನಮ್ಮಲ್ಲಿ ದೇಶಭಾಷೆ ಎಂದರೆ ಮರಾಠಿಯೇ ಎಂದು ನಡೆದಿದ್ದ ಕಾಲದಲ್ಲಿ ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿಗಳಿಗಾಗಿ ದುಡಿದರು. ಅಜ್ಜ ಕಲಿತ ಟ್ರೇನಿಂಗ್ ಕಾಲೇಜನ್ನು ಒಂದು ಕಾಲಕ್ಕೆ ನಡೆಸಿದವರೂ ಅವರೇ. ಶೇಕ್ಸ್‌ಪಿಯರನ ನಾಟಕ ಕನ್ನಡಕ್ಕೆ ತರುವಷ್ಟು ಇಂಗ್ಲಿಷ್ ಬಲ್ಲವರು ಮಕ್ಕಳ ಮೊದಲ ಅಕ್ಷರ ಕನ್ನಡದ್ದೇ ಆಗಬೇಕೆಂದು ಹಟ ಹಿಡಿದರು. ಅವರ ಹಟ ಇಲ್ಲದಿದ್ದರೆ ಅಜ್ಜನೂ ಇಲ್ಲ, ನಾನೂ ಇಲ್ಲ. ಈ ಋಣವನ್ನು ನಾನು ಮರೆಯಲಾರೆ.

ಆ ವ್ಯವಸ್ಥೆ ಮಾತ್ರ ಮಾಸ್ತರರನ್ನು ಎರಡು ಜಾತಿ ಮಾಡಿಬಿಟ್ಟಿತು. ಕನ್ನಡ ನಾಲ್ಕು ಇಯತ್ತೆ ಮುಗಿಸಿದ ಮಗುವಿನ ಮುಂದೆ ಎರಡು ದಾರಿ. ಅಲ್ಲೇ ಮುಂದುವರಿದರೆ ಏಳನೆಯದಕ್ಕೆ ಮುಲ್ಕಿ. ಅದು ಪಾಸಾದರೆ ಮಾಸ್ತರಿಕೆಯೋ ತಲಾಟಿಕೆಯೋ ಸಿಗುತ್ತಿತ್ತು. ಅನುಕೂಲಸ್ಥರ ಮಗುವಾದರೆ ಪೇಟೆಯ ಎ.ವಿ. (ಆಂಗ್ಲೋ-ವರ್ನಾಕ್ಯುಲರ್) ಸ್ಕೂಲಿಗೆ ಹೋಗಿ ‘ಇಂಗ್ಲಿಷ್ ಒಂದನೆಯ ಇಯತ್ತೆ’ಗೆ ಕೂಡುತ್ತಿತ್ತು. ಇಂಗ್ಲಿಷ್ ಎನ್ನುವುದು ಒಂದು ವಿಷಯದ ಹೆಸರಾಗಿರಲಿಲ್ಲ, ಇಯತ್ತೆಯ ಹೆಸರೇ ಆಗಿತ್ತು. ಅಲ್ಲಿಂದ ಏಳು ಮೆಟ್ಟಿಲು ಹತ್ತಿದರೆ ಮ್ಯಾಟ್ರಿಕ್. ಕನ್ನಡ ಸಾಲಿಯ ಮಾಸ್ತರನಿಗೆ ಇಂಗ್ಲಿಷ್ ಕಲಿಸುವ ಪ್ರಸಂಗವೇ ಬರುತ್ತಿರಲಿಲ್ಲ, ಹಾಗಾಗಿ ಅವನಿಗೆ ಕಲಿಸುವ ಗರಜೂ ಸರಕಾರಕ್ಕೆ ಕಾಣಲಿಲ್ಲ. ನಾಲ್ಕನೆಯ ಇಯತ್ತೆಯ ಜಾಣ ಹುಡುಗನನ್ನು ಪೇಟೆಗೆ ಕಳಿಸಿ, ಎರಡು ವರ್ಷಕ್ಕೆ ಅವನು ತನಗಿಂತ ಹೆಚ್ಚು ಇಂಗ್ಲಿಷ್ ಬಲ್ಲವನಾಗಿ ಎದುರು ಬಂದು ನಿಂತಾಗ ಅಜ್ಜನಿಗೆ ಹೆಮ್ಮೆಯೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ವಹಿಯ ಕೆಲವು ಉಚ್ಚಾರಗಳನ್ನು ಅಂಥ ಹುಡುಗರಿಂದಲೇ ಕೇಳಿ ಬರೆದುಕೊಂಡಿದ್ದರಂತೆ.

ನಮ್ಮಪ್ಪನ ಕಾಲಕ್ಕೆ ಮಾತು ಬದಲಾಯಿತು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ರಾಜ್ಯದಲ್ಲಿ ಬಿ.ಜಿ. ಖೇರ್ ಅವರ ಸರಕಾರ ಐದರಿಂದ ಏಳನೆಯವರೆಗಿನ ಇಂಗ್ಲಿಷನ್ನು ತೆಗೆದುಹಾಕಿತು. ಹುಡುಗರು ಮೊದಲು ತಮ್ಮ ಭಾಷೆಯಲ್ಲಿ ಗಟ್ಟಿಯಾಗಲಿ ಎಂಬುದು ಅದರ ಹಿಂದಿನ ವಿಚಾರ. ವಿಚಾರ ಕೆಟ್ಟದ್ದಾಗಿರಲಿಲ್ಲ. ಅಪ್ಪ ಎ, ಬಿ, ಸಿ, ಡಿ ತಿದ್ದಿದ್ದು ಎಂಟನೆಯ ಇಯತ್ತೆಯಲ್ಲಿ, ಮೀಸೆ ಚಿಗುರುವ ಹೊತ್ತಿಗೆ. ಅದೇ ಹೊತ್ತಿನಲ್ಲಿ ಮೈಸೂರು ಸೀಮೆಯ ಹುಡುಗರು ಮಿಡ್ಲ್ ಸ್ಕೂಲಿನಲ್ಲೇ ಇಂಗ್ಲಿಷ್ ಓದುತ್ತಿದ್ದರು. 1956ರಲ್ಲಿ ನಾಡು ಒಂದಾದಾಗ ಒಂದೇ ಕಚೇರಿಯ ಮೇಜಿನ ಸುತ್ತ ಇಬ್ಬರೂ ಕುಳಿತರು. ಅಪ್ಪ ಕೃಷಿ ಮಾರುಕಟ್ಟೆಯಲ್ಲಿ ಗುಮಾಸ್ತ. ಅವರ ಇಂಗ್ಲಿಷ್ ಅಕ್ಷರ ಅಚ್ಚು ಹೊಡೆದ ಹಾಗೆ ಇತ್ತು, ಅರ್ಜಿಗಳಲ್ಲಿ ಒಂದು ತಪ್ಪು ಸಿಗುತ್ತಿರಲಿಲ್ಲ. ಆದರೆ ಮೈಸೂರು ಕಡೆಯ ಸಾಹೇಬರು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಅಪ್ಪ ‘ಯಸ್ ಸರ್’ ಎಂದು ಹೊರಗೆ ಬಂದು, ಆಮೇಲೆ ಉತ್ತರವನ್ನು ಚೀಟಿಯಲ್ಲಿ ಬರೆದು ಒಳಗೆ ಕಳಿಸುತ್ತಿದ್ದರು. ಮೂವತ್ತು ವರ್ಷ ಹಾಗೇ ನಡೆಸಿದರು.

ಮುಂದೆ ಐದನೆಯ ತರಗತಿಯಿಂದ ಇಂಗ್ಲಿಷ್ ಎಂದು ರಾಜ್ಯದಾದ್ಯಂತ ನಿಂತಿತು. ದಕ್ಷಿಣದ ರಾಜ್ಯಗಳ ಶಿಕ್ಷಕರ ತರಬೇತಿಗೆಂದು 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ಭಾಷಾಂತರ, ಸ್ಪೆಲ್ಲಿಂಗ್ ಬಾಯಿಪಾಠದ ಜಾಗಕ್ಕೆ ಆಗ ರಚನಾತ್ಮಕ ಪದ್ಧತಿ ಬಂದಿತ್ತು. ವಾಕ್ಯದ ಅಚ್ಚುಗಳನ್ನು ಸರಳದಿಂದ ಕಠಿಣಕ್ಕೆ ಜೋಡಿಸಿ, ಒಂದೊಂದನ್ನೂ ಬಾಯಿಗೆ ಕೂಡುವವರೆಗೆ ಹೇಳಿಸುವುದು. ನಾನು 1998ರಿಂದ 2000ದವರೆಗೆ ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಓದಿದಾಗಲೂ ನಮಗೆ ಕಲಿಸಿದ್ದು ಅದನ್ನೇ. ನನ್ನ ಮೊದಲ ಅಭ್ಯಾಸ ಪಾಠ ಐದನೆಯ ತರಗತಿಗೆ. ಮಾವಿನಹಣ್ಣಿನ ಚಿತ್ರ ಹಿಡಿದು ‘ದಿಸ್ ಈಸ್ ಎ ಮ್ಯಾಂಗೋ’ ಎಂದೆ. ನಲವತ್ತು ಮಕ್ಕಳು ಒಂದೇ ರಾಗದಲ್ಲಿ ಹೇಳಿದರು. ಹತ್ತು ಸಲ ಹೇಳಿಸಿ, ಚಿತ್ರ ಕೆಳಗಿಟ್ಟು ಡಸ್ಟರ್ ಎತ್ತಿದೆ. ಅದೇ ರಾಗದಲ್ಲಿ ‘ದಿಸ್ ಈಸ್ ಎ ಮ್ಯಾಂಗೋ’ ಎಂದರು. ಹಿಂದೆ ಕುಳಿತಿದ್ದ ನಮ್ಮ ಉಪನ್ಯಾಸಕರು ‘ಉಚ್ಚಾರ ಸ್ಪಷ್ಟ ಇದೆ’ ಎಂದು ಬರೆದು ಒಳ್ಳೆಯ ಅಂಕ ಕೊಟ್ಟರು. ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಈ ನಡುವೆ ಹೊರಗೆ ದೊಡ್ಡ ಜಗಳಗಳು ನಡೆದಿದ್ದವು. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತ ಗೋಕಾಕ್ ವರದಿ, ಅದರ ಜಾರಿಗಾಗಿ ನಡೆದ 1982ರ ಚಳವಳಿ, ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಎಂದ 1994ರ ಆದೇಶ, ಅದನ್ನು ಖಾಸಗಿ ಶಾಲೆಗಳ ಮಟ್ಟಿಗೆ ಒಪ್ಪದ 2008ರ ಹೈಕೋರ್ಟ್ ತೀರ್ಪು, ಕೊನೆಗೆ 2014ರಲ್ಲಿ ಅದನ್ನೇ ಎತ್ತಿಹಿಡಿದ ಸುಪ್ರೀಂ ಕೋರ್ಟಿನ ತೀರ್ಪು. ಇವೆಲ್ಲ ಓದುಗರಿಗೆ ಗೊತ್ತಿರುವ ಕತೆ. ನಾನು ಹೇಳಬೇಕಾದದ್ದು ಈ ಕಾಗದಗಳಲ್ಲಿ ಕಾಣದ ಒಂದು ಸಂಗತಿ. ಎಂಟನೆಯದೋ ಐದನೆಯದೋ ಒಂದನೆಯದೋ ಎಂದು ಹಿರಿಯರು ವಾದಿಸುತ್ತಲೇ ಬಂದರು. ಆ ತರಗತಿಯ ಬಾಗಿಲಲ್ಲಿ ನಾಳೆ ಬೆಳಿಗ್ಗೆ ಸುಣ್ಣದಕಡ್ಡಿ ಹಿಡಿದು ನಿಲ್ಲುವವರ ಕಿವಿಗೆ ಇಂಗ್ಲಿಷ್ ಎಂದಾದರೂ ಬಿದ್ದಿದೆಯೇ ಎಂದು ಕೇಳಿದವರು ಕಡಿಮೆ.

2007ರ ಜೂನ್‌ನಲ್ಲಿ ಬಾಗಿಲಲ್ಲಿ ನಿಂತವಳು ನಾನು. ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯ ಎಂದು ಆಗಿತ್ತು. ಆಗ ಕುಮಾರಸ್ವಾಮಿಯವರು ಮುಖ್ಯಮಂತ್ರಿ, ನಮ್ಮ ಕಡೆಯವರೇ ಆದ ಹೊರಟ್ಟಿಯವರು ಶಿಕ್ಷಣ ಸಚಿವರು. ಸಾಹಿತಿಗಳು ವಿರೋಧಿಸಿದ್ದರು. ಊರ ಜನ, ಅದರಲ್ಲೂ ಕೂಲಿ ಮಾಡುವ ತಾಯಂದಿರು, ‘ನಮ್ಮ ಹುಡುಗ್ರಿಗೂ ಬರ್ಲಿ ಬಿಡ್ರಿ ಅಕ್ಕೋರ’ ಎಂದು ಖುಷಿಪಟ್ಟಿದ್ದರು. ನನ್ನ ಮನಸ್ಸು ಆ ತಾಯಂದಿರ ಕಡೆಗಿತ್ತು, ಈಗಲೂ ಇದೆ. ಪೇಟೆಯ ಮಗುವಿಗೆ ಆರನೆಯ ವಯಸ್ಸಿಗೆ ಸಿಗುವುದು ಎರೆಹೊಲದ ಮಗುವಿಗೆ ಹತ್ತಕ್ಕೇ ಸಿಗಬೇಕೆಂದು ಹೇಳುವ ಬಾಯಿ ನನಗಿಲ್ಲ.

ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು. ತರಬೇತಿಯಲ್ಲಿ ಹೇಳಿದ್ದರು: ಬರವಣಿಗೆ ಬೇಡ, ಮಾತು, ಹಾಡು, ಆಟ ಸಾಕು, ತರಗತಿಯಲ್ಲಿ ಕನ್ನಡ ಬಳಸಬೇಡಿ. ಅದುವರೆಗೆ ಸತತ ಐದು ವಾಕ್ಯ ಇಂಗ್ಲಿಷಿನಲ್ಲಿ ಮಾತಾಡಿದವಳಲ್ಲ ನಾನು. ಕೇಳಿದ್ದೂ ಇಲ್ಲ, ನನಗೆ ಕಲಿಸಿದವರೆಲ್ಲ ಇಂಗ್ಲಿಷನ್ನು ಕನ್ನಡದಲ್ಲೇ ಹೇಳಿಕೊಟ್ಟವರು. ಮೊದಲ ವಾರ ಬಾಗಿಲು ಮುಂದೆ ಮಾಡಿಕೊಂಡು ಪಾಠ ಮಾಡಿದೆ, ಹೆಡ್ ಮಾಸ್ತರರಿಗೆ ಕೇಳಿಸಬಾರದೆಂದು. ಇಪ್ಪತ್ಮೂರು ಮಕ್ಕಳು. ‘ಸ್ಟ್ಯಾಂಡ್ ಅಪ್’ ಅವರಿಗೆ ಕವಾಯತಿನಿಂದ ಗೊತ್ತಿತ್ತು. ‘ಕಮ್ ಹಿಯರ್’ ಎಂದರೆ ಒಬ್ಬರೂ ಅಲುಗಲಿಲ್ಲ. ಕೈ ಬೀಸಿದೆ, ನಕ್ಕರು, ಬರಲಿಲ್ಲ. ಕಡೆಗೆ ‘ಬಾರೋ ಇಲ್ಲಿ’ ಎಂದುಬಿಟ್ಟೆ.

ಬಂದವನು ಮನೆಯಲ್ಲಿ ಉರ್ದು ಆಡುವ ಹುಡುಗ. ಕನ್ನಡವೇ ಅವನಿಗೆ ಆ ವರ್ಷದ ಹೊಸ ಭಾಷೆ. ಹಾಲಿನ ಚಿತ್ರ ತೋರಿಸಿ ‘ಮಿಲ್ಕ್’ ಎಂದೆ. ಅವನು ಬೆರಳು ಮಡಚಿ ‘ದೂಧ್, ಹಾಲು, ಮಿಲ್ಕ್’ ಎಂದು ತನ್ನೊಳಗೇ ಎಣಿಸಿಕೊಂಡ. ಆಮೇಲೆ ತಲೆ ಎತ್ತಿ ಕೇಳಿದ: ‘ಅಕ್ಕೋರ, ಇದು ಯಾರ ಮನೀ ಮಾತ್ರಿ?’

ಅವನ ಲೆಕ್ಕದಲ್ಲಿ ದೂಧ್ ತನ್ನ ಮನೆಯದು, ಹಾಲು ಬಾಜೂ ಮನೆಯ ಗೆಳೆಯನದು. ಹಾಗಾದರೆ ಈ ಮೂರನೆಯದು? ಇಡೀ ಊರಲ್ಲಿ ಆ ಮಾತು ಆಡುವ ಒಂದೂ ಮನೆ ಇರಲಿಲ್ಲ. ಏನು ಹೇಳಲಿ? ‘ಸಾಲೀ ಮಾತು’ ಎಂದೆ. ಅವನು ಒಪ್ಪಿಕೊಂಡು ಹೋಗಿ ಕುಳಿತ. ನಾನು ಒಪ್ಪಿಕೊಳ್ಳಲಿಲ್ಲ. ಮಗುವಿಗೆ ಭಾಷೆ ಬರುವುದು ಅದನ್ನಾಡುವ ಮನೆಯಿಂದ, ಬೀದಿಯಿಂದ, ಬೇಕಾದದ್ದನ್ನು ಕೇಳಿ ಪಡೆಯುವುದರಿಂದ. ಮನೆಯೇ ಇಲ್ಲದ ಮಾತನ್ನು ದಿನಕ್ಕೆ ನಲವತ್ತು ನಿಮಿಷದಲ್ಲಿ ಸಾಲಿಯೊಳಗೆ ಸಂಸಾರ ಹೂಡಿಸಬೇಕು. ಹೊಸ ಶಿಕ್ಷಕರಿಗೆ ಬಿದ್ದಿರುವ ಕೆಲಸ ಇದು.

ಇದಕ್ಕೆ ಒಂದು ದಾರಿ ಇದೆಯೆಂದು ನನಗೆ ಗೊತ್ತಾದದ್ದು ನಾಲ್ಕು ವರ್ಷ ಕಳೆದ ಮೇಲೆ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ, ಅದೇ 1963ರ ಸಂಸ್ಥೆಯಲ್ಲಿ, ಮೂವತ್ತು ದಿನದ ತರಬೇತಿಗೆ ಹೋಗಿದ್ದೆ. ಅಲ್ಲಿ ಮೊದಲ ಸಲ ಎನ್.ಎಸ್. ಪ್ರಭು ಅವರ ಹೆಸರು ಕೇಳಿದೆ. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಪ್ರಭು 1979ರಿಂದ 1984ರವರೆಗೆ ಈ ಸಂಸ್ಥೆಯ ಜೊತೆಗೂಡಿ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವಾಕ್ಯದ ಅಚ್ಚುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟರು. ವ್ಯಾಕರಣದ ಪಾಠ ಇಲ್ಲ, ರಾಗವಾಗಿ ಹೇಳಿಸುವುದಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ತಿಂಗಳ ಕ್ಯಾಲೆಂಡರ್ ಇಟ್ಟು ಬಿಡಿಸಬೇಕಾದ ಒಂದು ತೊಡಕು ಕೊಡುವುದು. ಮೊದಲು ಅಂಥದೊಂದನ್ನು ಶಿಕ್ಷಕರೇ ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತ ಬಿಡಿಸುವುದು. ಆಮೇಲೆ ಅದೇ ತರಹದ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ತೊಡಕು ಬಿಡಿಸಿದರೇ ಎಂಬುದಕ್ಕೆ ಅಂಕ. ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ಭಾಷೆಯ ಕಟ್ಟು ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅದರ ಬಗ್ಗೆ ಪುಸ್ತಕ ಬಂತು. ಜಗತ್ತಿನ ಎಷ್ಟೋ ಕಡೆ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಇದನ್ನು ಬೆಂಗಳೂರು ಪ್ರಾಜೆಕ್ಟ್ ಎಂದು ಹೇಳಿಕೊಡುತ್ತಾರೆ. ನಾನು ಟಿ.ಸಿ.ಎಚ್. ಮಾಡಿದ ಎರಡು ವರ್ಷದಲ್ಲಿ, ಧಾರವಾಡದಿಂದ ಒಂದು ರಾತ್ರಿಯ ಹಾದಿಯ ಬೆಂಗಳೂರಿನಲ್ಲಿ ಇಂಥದೊಂದು ನಡೆದಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಊರಿಗೆ ಬಂದವಳೇ ಬಸ್ ನಿಲ್ದಾಣದ ಕಂಟ್ರೋಲರ್ ಹತ್ತಿರ ಹೋಗಿ ವೇಳಾಪಟ್ಟಿ ಬರೆದುಕೊಂಡೆ. ಹುಬ್ಬಳ್ಳಿ, ಗದಗ, ಅಣ್ಣಿಗೇರಿ, ಧಾರವಾಡ. ಐದನೆಯ ತರಗತಿಗೆ ಕೇಳಿದೆ, ಇಂಗ್ಲಿಷಿನಲ್ಲೇ: ಹುಬ್ಬಳ್ಳಿ ಆಸ್ಪತ್ರೆಗೆ ಹತ್ತು ಗಂಟೆಗೆ ಮುಟ್ಟಬೇಕು, ಯಾವ ಬಸ್ಸು ಹಿಡಿಯಬೇಕು? ಮಾತು ಪೂರ್ತಿ ತಿಳಿಯಲಿಲ್ಲ, ಆದರೂ ತೊಡಕು ತಿಳಿಯಿತು. ಹಿಂದಿನ ಬೆಂಚಿನ ಹುಡುಗಿ, ಮೂರು ವರ್ಷದಲ್ಲಿ ಒಂದು ಇಂಗ್ಲಿಷ್ ಮಾತೂ ಆಡದವಳು, ಎದ್ದು ನಿಂತು ‘ನೋ ಟೀಚರ್! ಎಯ್ಟ್ ಥರ್ಟಿ ಬಸ್ ಲೇಟ್! ಸೆವೆನ್ ಫಾರ್ಟಿ ಗೋ!’ ಎಂದಳು. ವ್ಯಾಕರಣ ನೋಡಿದರೆ ಅದರಲ್ಲಿ ಎಲ್ಲವೂ ತಪ್ಪು. ಅವಳ ಅಪ್ಪನನ್ನು ತಿಂಗಳಿಗೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರೆಂದು ಆಮೇಲೆ ತಿಳಿಯಿತು. ಎಂಟೂವರೆಯ ಬಸ್ಸು ಸದಾ ತಡ ಎಂಬುದು ಅವಳಿಗೆ ಪಟ್ಟಿ ನೋಡದೆಯೂ ಗೊತ್ತಿತ್ತು.

ಪ್ರಭು 1990ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಎಲ್ಲಕ್ಕಿಂತ ಉತ್ತಮವೆನ್ನುವ ಪದ್ಧತಿ ಯಾವುದೂ ಇಲ್ಲ ಎಂದರು. ತಾನು ಹೀಗೆ ಕಲಿಸಿದರೆ ಮಗು ಹೀಗೆ ಕಲಿಯುತ್ತದೆ ಎಂಬ ಒಂದು ನಂಬುಗೆ ಪ್ರತಿ ಶಿಕ್ಷಕನೊಳಗೂ ಇರುತ್ತದೆ, ಅದು ಜೀವಂತವಾಗಿರಬೇಕು, ಅದು ಸತ್ತು ಪಾಠ ಬರೀ ಯಂತ್ರವಾದಾಗಲೇ ಕೆಡುಕು ಎಂಬುದು ಅವರ ವಾದ. ಸಿ.ಆರ್.ಪಿ. ಆದ ಮೇಲೆ ನಾನು ಹೊಸಬರ ಟಾಚಣಕ್ಕಿಂತ ಮೊದಲು ಈ ನಂಬುಗೆಯನ್ನು ಕೇಳುತ್ತೇನೆ.

ಕೇಳಿದಾಗ ಬಂದ ಮಾತುಗಳು ಒಂದೇ ತರಹ ಇಲ್ಲ. ಒಬ್ಬ ಹುಡುಗ, ಗದಗಿನ ಕಡೆಯವನು, ‘ಅಕ್ಷರಾ ಮೊದಲು ತಿದ್ದಿಸಲೇಬೇಕ್ರಿ ಮೇಡಂ. ವಹೀ ಒಳಗ ಏನೂ ಕಾಣಲಿಲ್ಲಂದ್ರ ಮನಿಯವರು ನಾಳೆ ಕಾನ್ವೆಂಟಿಗೆ ಹಚ್ಚತಾರ’ ಎಂದ. ಅವನ ಮಾತನ್ನು ತಳ್ಳಿಹಾಕಲು ನನಗಾಗಲಿಲ್ಲ. ಆರು ಮಕ್ಕಳು ಬಿಟ್ಟುಹೋದರೆ ಅವನ ಶಾಲೆಯ ಒಂದು ಹುದ್ದೆಯೇ ಹೋಗುತ್ತದೆ. ಇನ್ನೊಬ್ಬಾಕೆ ಹುಬ್ಬಳ್ಳಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವಳು. ಅವಳ ಮಾತು ನೀರು ಹರಿದಂತೆ. ನಾವೆಲ್ಲ ಆಸೆಯಿಂದ ಅವಳ ಪಾಠ ನೋಡಲು ಹೋದೆವು. ಮಕ್ಕಳು ಕಲ್ಲಿನ ಹಾಗೆ ಕುಳಿತಿದ್ದರು. ಪಾಠ ಮುಗಿದ ಮೇಲೆ ಆಫೀಸು ಕೋಣೆಯಲ್ಲಿ ಅತ್ತಳು: ‘ನನಗ ಯಾವಾಗ ಇಂಗ್ಲಿಷ್ ಬಂತು ಅಂತನ ನನಗ ನೆನಪಿಲ್ರಿ. ಬರದವರಿಗೆ ಹೆಂಗ ಬರ್ತದ ಅಂತ ನಾ ಹೆಂಗ ಹೇಳ್ಲಿ?’ ಆ ಪ್ರಶ್ನೆಗೆ ನಾನು ಕೈಮುಗಿಯುತ್ತೇನೆ. ಮೊಬೈಲಿನ ಹಾಡು ಹಚ್ಚಿ ಕುಣಿಸುವವರೂ ಇದ್ದಾರೆ. ಮಕ್ಕಳು ಚೆಂದ ಹಾಡುತ್ತಾರೆ, ಎರೆಹೊಲದ ಬಿಸಿಲಲ್ಲಿ ನಿಂತು ಹಿಮದ ಮನುಷ್ಯನ ಹಾಡು.

2006ರಲ್ಲಿ ಎನ್.ಸಿ.ಇ.ಆರ್.ಟಿ. ಇಂಗ್ಲಿಷ್ ಬೋಧನೆಯ ಕುರಿತು ಹೊರತಂದ ನಿಲುವು ಪತ್ರ ಒಂದು ಮಾತನ್ನು ಒಪ್ಪಿಕೊಂಡಿತ್ತು: ಇಂಗ್ಲಿಷನ್ನು ಯಾವ ತರಗತಿಯಿಂದ ಆರಂಭಿಸಬೇಕೆಂಬುದು ಜನರ ಆಸೆಗೆ ರಾಜಕೀಯ ಕೊಡುವ ಉತ್ತರವಾಗಿದೆ, ವಿದ್ವಾಂಸರ ಚರ್ಚೆಗೆ ಅಲ್ಲಿ ಜಾಗ ಉಳಿದಿಲ್ಲ. ಮುಂದೆ 2019ರಲ್ಲಿ ನಮ್ಮ ರಾಜ್ಯ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ ಇದಕ್ಕೆ ವಿರೋಧ ಕೇಳಿಬಂದಿತ್ತು. ನಾನೂ ಪೆಂಡಾಲಿನಲ್ಲಿ ಕುಳಿತಿದ್ದೆ, ಚಪ್ಪಾಳೆ ತಟ್ಟಿದೆ. ಇಂಗ್ಲಿಷ್ ಒಂದು ಭಾಷೆಯಾಗಿ ಒಂದನೆಯ ತರಗತಿಗೆ ಬರಲಿ ಎನ್ನುವ ನಾನು, ಅದೇ ಇಂಗ್ಲಿಷಿನಲ್ಲಿ ಆರು ವರ್ಷದ ಮಗುವಿಗೆ ಕೂಡುವ ಕಳೆಯುವ ಲೆಕ್ಕ ಹೇಳುವುದನ್ನು ಒಪ್ಪಲಾರೆ. ಲೆಕ್ಕವೂ ತಿಳಿಯದೆ, ಭಾಷೆಯೂ ತಿಳಿಯದೆ ಕುಳಿತ ಮುಖಗಳನ್ನು ನಾನು ನೋಡಿದ್ದೇನೆ.

ಹಾಗೆಯೇ ತರಗತಿಯಿಂದ ಕನ್ನಡವನ್ನು ಹೊರಗೆ ಹಾಕಿ ಎಂದ ತರಬೇತಿಯ ಮಾತನ್ನು ನಾನು ಯಾವತ್ತೋ ಬಿಟ್ಟೆ. ನಮ್ಮ ಮಕ್ಕಳ ಕನ್ನಡದಲ್ಲೇ ಎಷ್ಟು ಇಂಗ್ಲಿಷ್ ಇದೆ ಎಂದು ಹೊಸಬರಿಂದ ಪಟ್ಟಿ ಮಾಡಿಸುತ್ತೇನೆ. ಟಿಕೀಟು, ಟ್ರೇಲರು, ಬೋರು, ಪಂಪು, ಚಾರ್ಜರು, ರೀಚಾರ್ಜು, ಸ್ಟಾರ್ಟರು. ಒಂದು ಶಾಲೆಯಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ಒಂದೇ ವಾರದಲ್ಲಿ ನೂರಾ ಹನ್ನೊಂದು ಪದ ತಂದರು.

ಹೋದ ವರ್ಷ ಸಭೆಯಲ್ಲಿ ಅಜ್ಜನ ವಹಿಯನ್ನು ಎಲ್ಲರ ಕೈಗೂ ಕೊಟ್ಟೆ. ಆಫೀಸು ಕೋಣೆಯಲ್ಲಿ ಅತ್ತ ಹುಡುಗಿಯೇ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ‘ನಲವತ್ತೆರಡೂ ಅವರಿಗೆ ಬೇಕಾದ ಪದಾನ ಅದಾವಲ್ರೀ ಮೇಡಂ’ ಎಂದಳು. ಮರುವಾರವೇ ತನ್ನ ತರಗತಿಯ ಪ್ರತಿ ಮಗುವಿಗೂ ಹಾಳೆ ಹೊಲಿದು ಒಂದೊಂದು ಸಣ್ಣ ವಹಿ ಮಾಡಿಕೊಟ್ಟಳು. ಮೂರು ಸಾಲು ಗೆರೆ. ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಕಂಡ ಇಂಗ್ಲಿಷ್ ಪದವನ್ನು ನೋಡಿ ಇಳಿಸಿಕೊಂಡು ಬರಬೇಕು. ಉಚ್ಚಾರ, ಅರ್ಥ ಸಾಲಿಯಲ್ಲಿ ಎಲ್ಲರೂ ಕೂಡಿ ಹುಡುಕುವುದು. ಹತ್ತಿಗೆ ಹೊಡೆಯುವ ಎಣ್ಣೆಯ ಡಬ್ಬಿಯ ಮೇಲಿನ ಕೆಂಪು ಗುರುತಿನ ಪದ ಒಬ್ಬ ತಂದ. ‘ಪಾಯ್ಸನ್: ವಿಷ.’ ಅವನ ಮನೆಯಲ್ಲಿ ಆ ಡಬ್ಬಿ ಅಡಿಗೆಮನೆಯ ಮೂಲೆಯಲ್ಲಿರುತ್ತಿತ್ತಂತೆ. ಅವನೇ ಹಟ ಮಾಡಿ ಹೊರಗಿಡಿಸಿದ.

ಮೊನ್ನೆ ಅವಳ ಪಾಠ ನೋಡಲು ಹೋಗಿದ್ದೆ. ನನ್ನ ಮೊದಲ ವಾರದಂತಲ್ಲ, ಬಾಗಿಲು ಪೂರ್ತಿ ತೆರೆದಿತ್ತು. ಒಬ್ಬ ಹುಡುಗಿ ಅಂಗಡಿಯ ಬಿಸ್ಕೀಟು ಪಾಕೀಟು ಹಿಡಿದು ಬಂದಳು, ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾದದ್ದನ್ನು ವಹಿಗೆ ಇಳಿಸಿದ್ದಳು. ಟೀಚರ್ ಓದಿಸಿದಳು: ‘ಎಕ್ಸ್‌ಪೈರಿ.’ ತಾರೀಖು ನೋಡಿದರೆ ಎರಡು ತಿಂಗಳ ಹಿಂದಿನದು. ಹುಡುಗಿ ಸ್ವಲ್ಪ ಹೊತ್ತು ಪಾಕೀಟು ತಿರುವಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ, ‘ಅಕ್ಕೋರ, ಈ ಬಿಸ್ಕೀಟ ತೀರಿಕೊಂಡೇತ್ರಿ’ ಎಂದಳು.